ಹಾರ್ಮೋನಿಂದ ಹೋದ ಹಕ್ಕಿ

ಜಾಲಿಕೆರೆ
4 ಮಾರ್ಚ್ 2024

ತಂಗಿ ಕ್ರಾಂತಿ,

ಫೋನ್ ಮಾಡಿದಾಗಲೆಲ್ಲ ರಿಂಗಾಗಿ ರಿಂಗಾಗಿ ಸುಮ್ಮನಾಗುತ್ತಿದೆ. ನೀನು ಎತ್ತುತ್ತಿಲ್ಲ ಎಂದು ನಾನು ಅನ್ನುವುದಿಲ್ಲ. ಧಾರವಾಡದ ಗಾಳಿಗೆ ಫೋನಿನ ಗಂಟಲು ಕಟ್ಟಿರಬೇಕು. ಅಂಚೆಯವನ ಕಾಲು ಇನ್ನೂ ಗಟ್ಟಿ ಇವೆ, ಅದಕ್ಕೇ ಈ ಪತ್ರ. ಪಂಚಾಯಿತಿ ಗ್ರಂಥಾಲಯದಲ್ಲಿ ಕೂತು ಬರೆಯುತ್ತಿದ್ದೇನೆ. ಓದಲು ಯಾರೂ ಬಂದಿಲ್ಲ, ಬರೆಯಲು ಗ್ರಂಥಪಾಲಕ ನಾನೊಬ್ಬ ಇದ್ದೇನೆ.

ಅವ್ವನಿಗೆ ಮೊಣಕಾಲು, ನಿನ್ನ ಅತ್ತಿಗೆಗೆ ಅವ್ವನ ಗೋಳು, ನನಗೆ ಕೆರೆಯ ಹಾಳು. ಇಷ್ಟು ನಮ್ಮ ಸಮಾಚಾರ.

ನಾಟಕದ ಮರುದಿನ ಶಾಲೆಯ ಮುಂದೆ ಊರು ಸೇರಿದಾಗ ನೀನೂ ಇದ್ದೆ. ಮಧ್ಯಾಹ್ನದ ಬಸ್ಸಿಗೇ ಹೊರಟುಹೋದೆ. ಮುಂದಿನದು ನಿನಗೆ ಗೊತ್ತಿಲ್ಲ. ಹಿಂದಿನದು ನನಗೆ ಕಣ್ಣು ಮುಚ್ಚಿದರೆ ಸಾಕು, ಪರದೆ ಎದ್ದ ಹಾಗೆ ಶುರುವಾಗುತ್ತದೆ. ಕೆರೆಯ ನಡುವಿನ ಕರಿಜಾಲಿ ಮರಗಳಲ್ಲಿ ಬಣ್ಣದ ಕೊಕ್ಕರೆ ಒಂದೂ ಇಲ್ಲ. ಗೂಡು ಇವೆ, ಗೂಡಿನ ಮೇಲೆ ಕಾಗೆ ಇವೆ. ಜನ ಕೆರೆಯನ್ನು ನೋಡಿ ಮುಗಿಸಿ ನನ್ನನ್ನು ನೋಡುತ್ತಿದ್ದಾರೆ. ಕೆರೆ ಸಮಿತಿಯ ಗುರುಸಂಗಪ್ಪನವರು ನಿನ್ನ ಕಡೆ ತಿರುಗಿದರು. "ನೀನು ಇದನ್ನ ಓದಾಕಿ. ಯಾತರಿಂದ ಹೋದ್ವು ಹೇಳವಾ."

ನೀನು ನೆಲ ನೋಡಿಕೊಂಡು, "ಹಾರ್ಮೋನಿಂದ" ಅಂದೆ.

ಅಲ್ಲಿಗೆ ಮುಗಿಯಿತು. ನಮ್ಮ ಸೀಮೆಯಲ್ಲಿ ನನ್ನ ಪೆಟ್ಟಿಗೆಯ ಹೆಸರೇ ಹಾರ್ಮೋನಿ. ಕೊನೆಗೆ 'ಯಂ' ಹಚ್ಚಿ ಹೇಳುವಷ್ಟು ಪುರುಸೊತ್ತು ಇಲ್ಲಿ ಯಾರಿಗಿದೆ? "ಕೇಳಿದ್ರಿಲ್ಲೋ, ಒಡಹುಟ್ಟಿದಾಕಿನ ಹೇಳ್ಯಾಳ, ಹಾರ್ಮೋನಿಂದನ ಹೋಗ್ಯಾವ" ಎಂದು ರಾಮಣ್ಣ ಸಾರಿಬಿಟ್ಟ.

ನೀನು ಹೇಳಿದ್ದು ಯಾವುದು ಎಂದು ನನಗೆ ಗೊತ್ತು. ಹಕ್ಕಿಯ ಮೈಯೊಳಗಿನದು, ಹಿಕ್ಕೆ ಆರಿಸಿ ಆರಿಸಿ ನೀನು ಹುಡುಕುವುದು. ಆದರೆ ಒಳಗಿನದು ಏರಿದ್ದು ಹೊರಗಿನದನ್ನು ನಾನು ನುಡಿಸಿದ್ದರಿಂದಲೇ ಅಲ್ಲವೇ? ಊರು ಕೇಳಿದ್ದು ತಪ್ಪು, ತಿಳಿದದ್ದು ಸರಿ. ಅದಕ್ಕೆ ನಾನು ತಿದ್ದಲು ಹೋಗಲಿಲ್ಲ.

ಕೊಕ್ಕರೆ ಕಾವಿಗೆ ಕೂತ ಮೇಲೆ ಮದುವೆ ಮೆರವಣಿಗೆ ಕೂಡ ತೂಬಿನ ಹತ್ತಿರ ಬಾಜಾ ನಿಲ್ಲಿಸಿ, ಕೋಡಿ ದಾಟಿದ ಮೇಲೆ ಮತ್ತೆ ಬಾರಿಸುವ ಊರು ಇದು. ಏರಿಯ ಉದ್ದಕ್ಕೂ ಮದುಮಗ ಬಾಯಿ ಮುಚ್ಚಿಕೊಂಡು ನಡೆಯುತ್ತಾನೆ. ಮುಂದಿನ ಸಂಸಾರಕ್ಕೆ ಅದೇ ತಾಲೀಮು. ಅಂಥ ಊರಿನಲ್ಲಿ ನಾನೇ ಬರೆದ 'ಗಂಡ ಗಡಿಪಾರು ಅರ್ಥಾತ್ ಹೆಂಡತಿಯ ಕಾರುಬಾರು' ನಾಟಕವನ್ನು ಮೈಕ್ ಹಚ್ಚಿ ಆಡಿಸಿದೆ. ಮೈಕಿನ ಬಾಯಿ ಹೊಲದ ಕಡೆ ತಿರುಗಿಸಿದ್ದೆ ನಿಜ. ಸಪ್ಪಳಕ್ಕೆ ಬೆನ್ನೂ ಬಾಯಿಯೇ ಎಂಬುದು ಹೊಳೆಯಲಿಲ್ಲ.

ನಿನ್ನನ್ನು ಮೊದಲೇ ಕೇಳಿದ್ದೆ. ಒಂದು ರಾತ್ರಿಗೆ ಏನೂ ಆಗುವುದಿಲ್ಲ ಎಂದು ನೀನು ಹೇಳಿದ್ದೆ. ಆ ಮಾತು ಊರಿನಲ್ಲಿ ನನ್ನ ಬಾಯಿಂದ ಬಂದಿಲ್ಲ, ಬರುವುದೂ ಇಲ್ಲ. ಕೇಳಿದವನೂ ನಾನು, ನುಡಿಸಿದವನೂ ನಾನು.

ಒಂದೇ ವಿಚಿತ್ರ. ಕೋಡಿಯ ಹತ್ತಿರದ ಮರಗಳಲ್ಲಿ, ನಮ್ಮ ಸ್ಟೇಜಿನ ನೆತ್ತಿಯ ಮೇಲೇ ಇದ್ದ ಕೊಕ್ಕರೆಗಳು, ಇನ್ನೂ ಗೂಡು ಬಿಟ್ಟಿಲ್ಲ. ಗುರುಸಂಗಪ್ಪನವರಿಗೆ ಇದನ್ನು ಹೇಳಿದೆ. "ಅವು ಕಿವುಡ ಅದಾವ ಬಿಡು" ಅಂದರು.

ಎರಡು ಸಾಲು ಹುಟ್ಟಿವೆ:
ಮೊಟ್ಟೆ ಇಟ್ಟವಳು ಎದ್ದು ಹೋದಳು,
ಪೆಟ್ಟಿಗೆ ಹಿಡಿದವನು ಬಿದ್ದು ಹೋದನು.
ಮುಂದಿನ ಎರಡು ಬರುತ್ತಿಲ್ಲ.

ಅಣ್ಣ
ಹುಲುಗೇಶ


ಧಾರವಾಡ
19 ಮಾರ್ಚ್ 2024

ಅಣ್ಣ,

ಪತ್ರ ಮುಟ್ಟಿತು. ಫೋನ್ ಎತ್ತಲಾಗಲಿಲ್ಲ, ಕೆಲಸ ಬಹಳ. ಈ ಸಲದ ಹಿಕ್ಕೆಯ ಮಾದರಿಗಳನ್ನೆಲ್ಲ ಒಣಗಿಸಿ ಪರೀಕ್ಷೆಗೆ ಹೈದರಾಬಾದಿಗೆ ಕಳಿಸಿದ್ದೇವೆ. ಫಲಿತಾಂಶ ಬರಲು ತಿಂಗಳುಗಳೇ ಆಗಬಹುದು.

ಹಕ್ಕಿ ಗೂಡು ಬಿಡುವುದು ಹೇಗೆ ಎಂದು ನಿನಗೆ ಒಮ್ಮೆಯೂ ಸರಿಯಾಗಿ ಹೇಳಿಲ್ಲ. ಕೊಕ್ಕರೆ ಬೆಚ್ಚಿದಾಗ ಅದರ ರಕ್ತದಲ್ಲಿ ಕಾರ್ಟಿಕೋಸ್ಟೆರಾನ್ ಎಂಬ ಹಾರ್ಮೋನು ಏರುತ್ತದೆ. ಅದು ಕೆಟ್ಟದ್ದೇನಲ್ಲ. ಹದ್ದು ಎರಗಿದಾಗ ರೆಕ್ಕೆಗೆ ಬಲ ಕೊಡುವುದೇ ಅದು. ಹದ್ದು ಹೋದ ಮೇಲೆ ಇಳಿಯುತ್ತದೆ, ಹಕ್ಕಿ ಮರಳಿ ಕೂರುತ್ತದೆ. ಇಳಿಯಲು ಬಿಡದೆ ಮತ್ತೆ ಮತ್ತೆ ಬೆಚ್ಚಿಸಿದರೆ ಮಾತ್ರ ಕಷ್ಟ. ಮೊಟ್ಟೆಯ ಮೇಲೆ ಹಕ್ಕಿಯನ್ನು ಕೂರಿಸುವ ಇನ್ನೊಂದು ಹಾರ್ಮೋನು ಇದೆ, ಪ್ರೊಲ್ಯಾಕ್ಟಿನ್ ಎಂದು. ಮೊದಲನೆಯದು ಏರಿಯೇ ಉಳಿದರೆ ಈ ಎರಡನೆಯದು ತಗ್ಗುತ್ತ ಬರುತ್ತದೆ. ಒಂದು ದಿನ ಹಕ್ಕಿಗೆ ಕೂರಬೇಕು ಅನ್ನಿಸುವುದೇ ನಿಂತುಹೋಗುತ್ತದೆ. ತನ್ನ ಜೀವ ಉಳಿದರೆ ಮುಂದಿನ ವರ್ಷ ಮತ್ತೆ ಮೊಟ್ಟೆ ಇಡಬಹುದು ಎಂಬುದು ಮೈಯ ಲೆಕ್ಕ. ಅದಕ್ಕೆ ಅದನ್ನು ಕೆಟ್ಟ ತಾಯಿ ಅನ್ನಬೇಡ.

ಮೈಕಿನ ವಿಷಯ ಹೆಚ್ಚು ತಲೆಗೆ ಹಚ್ಚಿಕೊಳ್ಳಬೇಡ. ಕೋಡಿಯ ಮರಗಳಲ್ಲಿ ಮರಿ ಆದವೇ? ಅದನ್ನು ಮಾತ್ರ ತಪ್ಪದೆ ಬರೆ.

ಕ್ರಾಂತಿ


ಜಾಲಿಕೆರೆ
14 ಏಪ್ರಿಲ್ 2024

ತಂಗಿ,

ಇವತ್ತು ಬಾಬಾಸಾಹೇಬರ ಜಯಂತಿ. ನಮ್ಮ ಓಣಿಯ ಮೆರವಣಿಗೆಯಲ್ಲಿ ಪ್ರತಿ ವರ್ಷ ಟ್ರ್ಯಾಕ್ಟರಿನ ಮೇಲೆ ಕೂತು ಹಾರ್ಮೋನಿ ನುಡಿಸುವವನು ನಾನು. ಈ ವರ್ಷ ಓಬಳೇಶ ಮತ್ತು ಅವನ ಗೆಳೆಯರು ಬಂದು ತಲೆ ಕೆರೆದುಕೊಂಡು ನಿಂತರು. "ಮಾಸ್ತರ್ರ, ಈ ಸಲ ನೀವು ಆರಾಮ ಮಾಡ್ರಿ" ಅಂದರು. ಆರಾಮ ಮಾಡಿದೆ. ಮೆರವಣಿಗೆ ಮನೆ ಮುಂದೆ ಬಂದಾಗ ಒಳಗೆ ಕೂತು ಅಕ್ಕಿ ಆರಿಸಿದೆ. ನಿನ್ನ ಅತ್ತಿಗೆ ಸುಮಂಗಲಾ ಆಗಲೇ ಆರಿಸಿಟ್ಟ ಅಕ್ಕಿ ಅದು.

ನಾಟಕಕ್ಕೆ ನುಡಿಸಲು ಕರೆದಿದ್ದ ಕೋಗಳಿಯವರು ಕೈಬಿಟ್ಟರು, ಹಿರೇಹಡಗಲಿಯವರು ಹೆಸರು ಇಟ್ಟರು. ಹಿರೇಹಡಗಲಿಯ ಹುಡುಗರು ಫೋನಿನಲ್ಲಿ ಪಾಪ ಬಹಳ ಮರ್ಯಾದೆಯಿಂದಲೇ, "ಹಕ್ಕಿ ಓಡಿಸಿದ ಮಾಸ್ತರ ಬಂದ್ರ ಮಂದಿ ಮಾತಾಡ್ತಾರ್ರೀ" ಎಂದರು. ಕೊಟ್ಟೂರಿನಲ್ಲಿ ನಾಟಕದ ಸೀನರಿ ಬಾಡಿಗೆಗೆ ಕೊಡುವವನು ನನ್ನನ್ನು ಕಂಡರೆ ಶಿಳ್ಳೆ ಹೊಡೆದು ಮೇಲೆ ನೋಡುತ್ತಾನೆ. ಬೇರೆ ಓಣಿಯವನು ನುಡಿಸಿದ್ದರೆ ಊರು ಇಷ್ಟು ಹೊತ್ತು ನೆನಪಿಡುತ್ತಿತ್ತೇ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಹಾಗೆ ಅನ್ನಿಸಿದ ಕೂಡಲೇ, ತಪ್ಪು ಮಾಡಿದವನಿಗೆ ಓಣಿಯ ನೆಪ ಬೇಡ ಎಂದು ನನಗೆ ನಾನೇ ಗದರಿಸಿಕೊಳ್ಳುತ್ತೇನೆ.

ಕೋಡಿಯ ಮರಗಳಲ್ಲಿ ಮರಿ ಆಗಿವೆ. ದಿನಾ ಬೆಳಿಗ್ಗೆ ಏರಿಯ ಮೇಲೆ ನಿಂತು ನೋಡುತ್ತೇನೆ. ಆ ಮೇಲೆ ನಡುವಿನ ಮರಗಳ ಕಡೆ ತಿರುಗಿ ಇನ್ನಷ್ಟು ಹೊತ್ತು ನಿಲ್ಲುತ್ತೇನೆ. ಏನು ಮಾಡುತ್ತೀ ಅಲ್ಲಿ ಎಂದು ಸುಮಂಗಲಾ ಕೇಳಿದಳು. ಹಾಜರಿ ಹಾಕುತ್ತೇನೆ ಎಂದೆ.

ನಿನ್ನ ಪತ್ರವನ್ನು ಬಹಳ ಸಲ ಓದಿದೆ. ಹಾರ್ಮೋನಿಯ ಒಂದು ಮನೆಯನ್ನು ಒತ್ತಿ ಬಿಟ್ಟರೆ ಸ್ವರ, ಒತ್ತಿಯೇ ಹಿಡಿದರೆ ಕೇಳುವವನಿಗೆ ಜ್ವರ. ಅಷ್ಟು ನನಗೆ ತಿಳಿಯುತ್ತದೆ. ತಿಳಿಯದ್ದು ಇಷ್ಟೇ: ನಾನು ನುಡಿಸಿದ್ದು ಒಂದು ರಾತ್ರಿ. ನೀನು 'ಮತ್ತೆ ಮತ್ತೆ' ಎಂದು ಬರೆದದ್ದು ಯಾವುದನ್ನು? ತಾಲೀಮೂ ಲೆಕ್ಕಕ್ಕೆ ಬರುತ್ತದೆಯೇ? ತಾಲೀಮು ಶಾಲೆಯೊಳಗೆ, ಕಿಟಕಿ ಬಾಗಿಲು ಹಾಕಿಕೊಂಡು ನಡೆಸಿದ್ದು. ಅದೂ ಕೇಳಿಸಿತೇ ಅವಕ್ಕೆ?

ಕಾರ ಹುಣ್ಣಿಮೆಯ ದಿನ ಊರು ಮತ್ತೆ ಸೇರುತ್ತದೆ. ಅವತ್ತು ಎಲ್ಲರ ಮುಂದೆ ಮಾತು ಕೊಡಬೇಕೆಂದಿದ್ದೇನೆ, ಇನ್ನು ಪೆಟ್ಟಿಗೆ ಮುಟ್ಟುವುದಿಲ್ಲ ಎಂದು. ಯಾರೂ ಕೇಳಿಲ್ಲ. ಕೇಳುವ ಮೊದಲೇ ಕೊಟ್ಟರೆ ಮರ್ಯಾದೆ ಎಂದು ಅನ್ನಿಸಿದೆ.

ಅಣ್ಣ


ಧಾರವಾಡ
30 ಏಪ್ರಿಲ್ 2024

ಅಣ್ಣ,

ಮಾತು ಕೊಡಬೇಡ. ಪೆಟ್ಟಿಗೆಯನ್ನು ಯಾರಿಗೂ ಕೊಡಬೇಡ. ಫಲಿತಾಂಶ ಬರುವವರೆಗಾದರೂ ತಡೆ.

ತಾಲೀಮು ಲೆಕ್ಕಕ್ಕೆ ಬರುವುದಿಲ್ಲ. ಉಳಿದ ಪ್ರಶ್ನೆಗೆ ಉತ್ತರ ಬರೆಯಲು ಕೂತೆ. ಹಾಳೆಗಳು ಮುಗಿದವು, ಉತ್ತರ ಬರೆದಾಗಲಿಲ್ಲ.

ನೀನು ದಿನಾ ಏರಿಗೆ ಹೋಗಬೇಡ.

ಕ್ರಾಂತಿ


ಜಾಲಿಕೆರೆ
20 ಮೇ 2024

ಕ್ರಾಂತಿಗೆ ಅತ್ತಿಗೆ ಸುಮಂಗಲಾ ಬರೆಯುವುದು. ಅತ್ತೆ ಎದುರಿಗೆ ಕೂತು ಹೇಳುತ್ತಿದ್ದಾರೆ. ಹೇಳಿದ್ದನ್ನು ಹೇಳಿದ ಹಾಗೇ ಬರೀ, ನಿನ್ನ ಜಾಣತನ ಸೇರಿಸಬೇಡ ಎಂದಿದ್ದಾರೆ.

"ಯವ್ವಾ, ನಾ ನಿಮ್ಮವ್ವ ಮಾರೆಮ್ಮ. ಹೋದಾಕಿ ಹೋಗೇಬಿಟ್ಟಿ. ಯುಗಾದಿಗೂ ಬರಲಿಲ್ಲ. ನಿಮ್ಮಣ್ಣ ಊಟಕ್ಕ ಕುಂತ್ರ ರೊಟ್ಟಿ ಮುರಿದು ಮುರಿದು ಗುಬ್ಬಿಗೆ ಹಾಕಿದಂಗ ಮಾಡ್ತಾನ, ತಿನ್ನಂಗಿಲ್ಲ. ಮೊದಲು ಬಾಯಿ ಬಿಟ್ರ ಪ್ರಾಸ ಬೀಳತಿತ್ತು, ಸಾಕು ಮಾಡೋ ಅಂತಿದ್ದೆ. ಈಗ ಅದೂ ಇಲ್ಲ, ಮನಿ ಮನಿ ಅನಸಂಗಿಲ್ಲ. ನಾನು ಓದಿದಾಕಿ ಅಲ್ಲ. ಆದ್ರ ಆವತ್ತು ನೀನು ಬಸ್ಸಿಗೆ ಹೊಂಟಾಗ ನನ್ನ ಮಾರಿ ನೋಡಲಿಲ್ಲ. ಸಣ್ಣಾಕಿ ಇದ್ದಾಗ ಗಡಿಗಿ ಒಡದ್ರೂ ಹಂಗ ಮಾಡತಿದ್ದಿ. ಏನರ ಹೇಳೋದಿದ್ರ ಹೇಳು. ನನಗ ಬ್ಯಾಡ, ಅವಗ ಹೇಳು. ಮೊಣಕಾಲಿಗೆ ನೀ ಕಳಿಸಿದ ಎಣ್ಣಿ ಮುಗದೈತಿ. ಅದನ್ನ ಕಳಸಬ್ಯಾಡ, ನೀನ ತೊಗೊಂಡ್ ಬಾ."

ಇಷ್ಟು ಅತ್ತೆಯ ಮಾತು. ನನ್ನದೇನೂ ಸೇರಿಸಿಲ್ಲ.

ಸುಮಂಗಲಾ


ಧಾರವಾಡ
9 ಜೂನ್ 2024

ಅಣ್ಣ,

ಹೈದರಾಬಾದಿನಿಂದ ಫಲಿತಾಂಶ ಬಂದಿದೆ. ಅದಕ್ಕಾಗಿ ಕಾಯುತ್ತಿದ್ದೆ ಎಂದು ನಿನಗೆ ಹೇಳಿದ್ದು ಸುಳ್ಳು. ಅದರಲ್ಲಿರುವುದು ಆ ದಿನ ಶಾಲೆಯ ಮುಂದೆಯೇ ನನಗೆ ಗೊತ್ತಿತ್ತು.

ಹಕ್ಕಿಗಳು ಹೋದದ್ದು ನಿನ್ನಿಂದಲ್ಲ, ನನ್ನಿಂದ.

ಕೆರೆಯೊಳಗೆ ವಾರಕ್ಕೊಮ್ಮೆ ಹೋಗಲು ನನಗೆ ಅನುಮತಿ ಇತ್ತು. ನಾನು ದಿನಾ ಹೋದೆ. ಹಿಕ್ಕೆ ಹಸಿಯಾಗಿ ಬೇಕಿತ್ತು, ಹೆಚ್ಚು ಬೇಕಿತ್ತು. ಎರಡು ವರ್ಷದ ಕೆಲಸವನ್ನು ಒಂದೇ ಸಲ ಮುಗಿಸುವ ಆಸೆ ಇತ್ತು. ತೆಪ್ಪ ಮರದ ಬುಡಕ್ಕೆ ಬಂದಾಗಲೆಲ್ಲ ಹಕ್ಕಿ ಮೊಟ್ಟೆ ಬಿಟ್ಟು ಎದ್ದು ನಿಲ್ಲುತ್ತಿತ್ತು. ಗೂಡಿನ ಕೆಳಗೆ ಕಟ್ಟಿದ ಹಾಳೆಯಿಂದ ನಾನು ಹಿಕ್ಕೆ ಕೆರೆದುಕೊಂಡು, ಚೀಟಿ ಅಂಟಿಸಿ ಹೊರಡುವ ತನಕ ಮೊಟ್ಟೆಯ ಮೇಲೆ ಬರೀ ಬಿಸಿಲು. ಹಕ್ಕಿಯ ಮೈ ತಣ್ಣಗಾಗುವ ಹೊತ್ತಿಗೆ ಮರುದಿನ ಮತ್ತೆ ನಾನು. 'ಮತ್ತೆ ಮತ್ತೆ' ಯಾವುದು ಎಂದು ಕೇಳಿದ್ದೆಯಲ್ಲ, ಅದು ನಾನು. ಅವಕ್ಕೆ ಎಷ್ಟು ಭಯ ಎಂದು ಅಳೆಯಲು ಹೋದವಳೇ ಅವುಗಳ ಭಯವಾಗಿದ್ದೆ.

ನಾಟಕದ ಹಿಂದಿನ ವಾರವೇ ನಡುವಿನ ಮರಗಳಲ್ಲಿ ಗೂಡುಗಳು ಖಾಲಿಯಾಗತೊಡಗಿದ್ದವು. ಮೊಟ್ಟೆ ಬಿಟ್ಟ ಹಕ್ಕಿ ಕೆಲವು ದಿನ ಅದೇ ಮರದಲ್ಲಿ ನಿಂತಿರುತ್ತದೆ, ಏರಿಯಿಂದ ನೋಡಿದವರಿಗೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ತೆಪ್ಪದಲ್ಲಿ ಹತ್ತಿರ ಹೋಗುವವಳು ನಾನೊಬ್ಬಳೇ, ಕಂಡವಳೂ ನಾನೊಬ್ಬಳೇ. ಊರೆಲ್ಲ ಒಟ್ಟಾಗಿ ಕೆರೆಯನ್ನು ನೋಡಿದ್ದು ನಾಟಕದ ಮರುದಿನ. ಆಗ ಎಲ್ಲರಿಗೂ ನೆನಪಾದದ್ದು ಹಿಂದಿನ ರಾತ್ರಿ.

ಕೋಡಿಯ ಹತ್ತಿರ ನೀರು ತೆಳು, ತೆಪ್ಪದ ತಳ ನೆಲಕ್ಕೆ ತಗಲುತ್ತದೆ. ಅಲ್ಲಿಗೆ ನಾನು ಹೋಗಲೇ ಇಲ್ಲ. ನಾಟಕದ ಮರುದಿನ ಬೆಳಿಗ್ಗೆ ದಡದಿಂದಲೇ ಒಂದಿಷ್ಟು ಹಿಕ್ಕೆ ಆರಿಸಿದ್ದೆ. ಅದರಲ್ಲಿ ಹಾರ್ಮೋನು ಸ್ವಲ್ಪ ಏರಿದೆ, ಅಷ್ಟೇ. ನಡುವಿನ ಮರಗಳದ್ದು ನಾಟಕಕ್ಕಿಂತ ಎಷ್ಟೋ ಮೊದಲೇ ಏರಿ, ಇಳಿಯದೆ ನಿಂತಿದೆ. ನಿನ್ನ ಮೈಕಿನ ಪಾಲು ಏನೂ ಇಲ್ಲ ಎನ್ನಲಾರೆ. ಉಳಿದಿದ್ದ ಕೆಲವನ್ನು ಅದು ಎಬ್ಬಿಸಿರಬಹುದು. ಆದರೆ ಕೋಡಿಯ ಹಕ್ಕಿಗಳು ಕಿವುಡಾಗಿರಲಿಲ್ಲ, ಅಣ್ಣ. ನಿನ್ನ ಇಡೀ ನಾಟಕ ಕೇಳಿಯೂ ಕೂತಿದ್ದವು.

ಇನ್ನು ಆ ಮಾತು. ಗುರುಸಂಗಪ್ಪನವರು ಕೇಳಿದಾಗ ನಾನು ಹೇಳಿದ್ದು ನಿಜವೇ, ಆದರೆ ಅರ್ಧ. ಉಳಿದರ್ಧ ಬಾಯಿಗೆ ಬರುವ ಮೊದಲು ರಾಮಣ್ಣ ಕೂಗಿದ. ಅವರು ತಪ್ಪು ಕೇಳಿಸಿಕೊಂಡರು ಎಂದು ನನಗೆ ತಕ್ಷಣ ಗೊತ್ತಾಯಿತು. ಒಂದು ಅಕ್ಷರ ತಿದ್ದಿದರೆ ಸಾಕಿತ್ತು. ತಿದ್ದಲಿಲ್ಲ. ಇದಕ್ಕೆ ಹಾರ್ಮೋನಿನ ನೆಪ ಹೇಳಲಾರೆ. ಹಕ್ಕಿಯ ಲೆಕ್ಕವನ್ನು ಅದರ ಮೈ ಹಾಕುತ್ತದೆ, ನನ್ನದನ್ನು ನಾನೇ ಹಾಕಿದೆ. ನಮ್ಮ ಓಣಿಯಿಂದ ಇಷ್ಟು ಓದಿದವಳು ನಾನೊಬ್ಬಳೇ, ನಾನು ಬಿದ್ದರೆ ಹಿಂದೆ ಬರುವವರಿಗೂ ಬಾಗಿಲು ಹಾಕಿಬಿಡುತ್ತಾರೆ ಎಂದುಕೊಂಡೆ. ಅಣ್ಣನಾದರೆ ತಡೆದುಕೊಳ್ಳುತ್ತಾನೆ ಎಂದೂ ಅಂದುಕೊಂಡೆ. ಮೊದಲನೆಯದನ್ನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಎರಡನೆಯದನ್ನು ಹೇಳಲು ಇಷ್ಟು ತಿಂಗಳು ಬೇಕಾಯಿತು.

ಜೊತೆಗೆ ಇನ್ನೊಂದು ಪತ್ರ ಇಟ್ಟಿದ್ದೇನೆ, ಗುರುಸಂಗಪ್ಪನವರ ಹೆಸರಿಗೆ. ಇದೆಲ್ಲ ಅದರಲ್ಲೂ ಇದೆ, 'ಒಂದು ರಾತ್ರಿಗೆ ಏನೂ ಆಗುವುದಿಲ್ಲ' ಎಂದು ನಾನೇ ಹೇಳಿದ್ದೂ ಇದೆ. ಕಾರ ಹುಣ್ಣಿಮೆಯ ದಿನ, ನೀನು ಬಾಯಿ ತೆರೆಯುವ ಮೊದಲು, ಅದನ್ನು ಊರಿನ ಮುಂದೆ ಓದಿಸು.

ಕ್ಷಮಿಸು ಎಂದು ಇಲ್ಲಿ ಬರೆದು ಹೊಡೆದುಹಾಕಿದ್ದೇನೆ. ಈಗಲೇ ಕೇಳುವ ಹಕ್ಕಿಲ್ಲ.

ಕ್ರಾಂತಿ


ಜಾಲಿಕೆರೆ
25 ಜೂನ್ 2024

ಕ್ರಾಂತಿ,

ಓದಿಸಿದೆ. ಶಾಲೆಯ ಸಂಗೀತಾ ಟೀಚರ್ ಓದಿದರು. ಸ್ಪಷ್ಟವಾಗಿ, ನಿಧಾನವಾಗಿ, 'ಹಾರ್ಮೋನು' ಬಂದಲ್ಲೆಲ್ಲ ನಿಲ್ಲಿಸಿ, ಇದು ಬಾರಿಸುವುದಲ್ಲ ಎಂದು ಬಿಡಿಸಿ ಹೇಳಿ ಓದಿದರು. ಮುಗಿದ ಮೇಲೆ ಮೈಲಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಇಂಥಾ ತಂಗಿ ಯಾರಿಗೈತಿ ಹೇಳ್ರಿ. ಅಣ್ಣನ ತಪ್ಪು ತನ್ನ ಮ್ಯಾಲ ಎಳಕೊಂಡಾಳ."

ಊರು ಅದನ್ನೇ ಹಿಡಿದುಕೊಂಡಿತು. ಓದಿದ ಹುಡುಗಿ ಸುಮ್ಮಸುಮ್ಮನೆ ತಪ್ಪು ಒಪ್ಪುತ್ತಾಳೆಯೇ, ಕರುಳು ಒಪ್ಪಿಸಿದೆ, ಎಂದು ಒಬ್ಬೊಬ್ಬರೂ ನಿನ್ನನ್ನು ಹೊಗಳಿದ್ದೇ ಹೊಗಳಿದ್ದು. ಗುರುಸಂಗಪ್ಪನವರು ನನ್ನ ಹೆಗಲ ಮೇಲೆ ಕೈ ಇಟ್ಟು, ಆಕೆಯ ಮುಖ ನೋಡಿ ಈ ಸಲ ಬಿಟ್ಟಿದ್ದೇವೆ, ಹಾರ್ಮೋನಿ ನುಡಿಸು, ಮೈಕ್ ಮಾತ್ರ ಬೇಡ ಎಂದರು. ಜನ ಚಪ್ಪಾಳೆ ತಟ್ಟಿದರು. ನನ್ನ ಯಾವ ನಾಟಕಕ್ಕೂ ಅಷ್ಟು ಚಪ್ಪಾಳೆ ಬಿದ್ದಿಲ್ಲ.

ಅವರು ನಂಬಲಿಲ್ಲ. ನಾನು ನಂಬಿದ್ದೆ. ನಿನ್ನ ಪತ್ರ ಬಂದ ಮರುದಿನವೇ ಏರಿಗೆ ಹೋಗಿ, ನಡುವಿನ ಮರ ಯಾವುವು, ಕೋಡಿಯ ಮರ ಯಾವುವು ಎಂದು ಬೆರಳಿಟ್ಟು ನೋಡಿ ಬಂದಿದ್ದೆ. ಎದ್ದು ನಿಂತು, ಇದು ನಿಜ, ಆಕೆ ಹೇಳಿದ್ದೇ ನಿಜ ಎನ್ನಬೇಕಾಗಿತ್ತು. ಅನ್ನಲಿಲ್ಲ. ನನಗೆ ಮಾಫಿ ಸಿಕ್ಕಿತ್ತು, ಪೆಟ್ಟಿಗೆ ಸಿಕ್ಕಿತ್ತು, ನಿನಗೆ ಹೊಗಳಿಕೆ ಸಿಕ್ಕಿತ್ತು. ಬಾಯಿ ತೆರೆದರೆ ಮೂರೂ ಹೋಗುತ್ತಿದ್ದವು. ಸುಮ್ಮನಿರುವುದು ಎಷ್ಟು ಸಲೀಸು ಎಂದು ನನಗೂ ತಿಳಿಯಿತು. ಗಂಟಲಿನಲ್ಲಿ ಏನೂ ಸಿಕ್ಕಿಕೊಳ್ಳುವುದಿಲ್ಲ, ಉಗುಳು ನುಂಗಿದಷ್ಟೇ.

ಮನೆಗೆ ಬಂದ ಮೇಲೆ ಸಿಟ್ಟು ಬಂತು. ಆ ಖಾಲಿ ಗೂಡುಗಳ ಮುಂದೆ ದಿನಾ ಹೋಗಿ ಕೈಕಟ್ಟಿ ನಿಂತವನು ನಾನು. ಅಷ್ಟೂ ದಿನ ನಿನಗೆ ಗೊತ್ತಿತ್ತು. ಗೊತ್ತಿದ್ದು, ಏರಿಗೆ ಹೋಗಬೇಡ ಎಂದಷ್ಟೇ ಬರೆದೆ. ಅಣ್ಣನಾದರೆ ತಡೆದುಕೊಳ್ಳುತ್ತಾನೆ ಎಂದೆಯಲ್ಲ, ತಡೆದುಕೊಂಡೆ. ತಡೆದುಕೊಂಡೆ ಎಂಬುದೇ ಈಗ ತಡೆಯಲಾಗುತ್ತಿಲ್ಲ.

ನೀನು ಬಂದು, ನಿಂತು, ಬಾಯಿಬಿಟ್ಟು ಹೇಳು. ಅವತ್ತು ನಾನೂ ನಿನ್ನ ಪಕ್ಕದಲ್ಲಿ ಎದ್ದು ನಿಲ್ಲುತ್ತೇನೆ. ಅಲ್ಲಿಯವರೆಗೆ ಪೆಟ್ಟಿಗೆ ತೆರೆಯುವುದಿಲ್ಲ.

ಹುಲುಗೇಶ


ಧಾರವಾಡ
3 ಜುಲೈ 2024

ಅಣ್ಣ,

ಈ ಭಾನುವಾರ ಬರುತ್ತೇನೆ. ಊರು ಸೇರಿಸಲು ಗುರುಸಂಗಪ್ಪನವರಿಗೆ ಫೋನ್ ಮಾಡಿ ಕೇಳಿಕೊಂಡಿದ್ದೇನೆ. ನೀನು ಬಸ್ ಸ್ಟ್ಯಾಂಡಿಗೆ ಬರಬೇಡ, ನಾನು ನೇರ ಶಾಲೆಯ ಹತ್ತಿರ ಬರುತ್ತೇನೆ. ಮೊದಲು ಮನೆಗೆ ಬಂದು ಅವ್ವನ ಕೈ ರೊಟ್ಟಿ ತಿಂದರೆ ಅಲ್ಲೇ ಕೂತುಬಿಡುತ್ತೇನೆ.

ಕ್ರಾಂತಿ


ಧಾರವಾಡ
5 ಆಗಸ್ಟ್ 2024

ಅಣ್ಣ,

ಬಂದು ಹೋಗಿ ತಿಂಗಳಾಗುತ್ತ ಬಂತು. ನೀನು ಬರೆಯಲಿಲ್ಲ, ನಾನೂ ಬರೆಯಲಿಲ್ಲ.

ಊರು ನಂಬಿದ್ದು ನನ್ನ ಮಾತನ್ನಲ್ಲ. ನಾನು ಎಲ್ಲ ಹೇಳಿ ಮುಗಿಸಿದ ಮೇಲೂ ಮೈಲಮ್ಮ ನನ್ನ ಕೈ ಹಿಡಿದು ಸಾಕು ಬಿಡವಾ ಎಂದೇ ಸಮಾಧಾನ ಮಾಡುತ್ತಿದ್ದಳು. ನೀನು ಎದ್ದು, "ಆಕಿ ಹೇಳಿದ್ದು ಖರೇ ಐತಿ. ನಾನು ಮಾಡದ್ದಕ್ಕ ನನ್ನ ಮಾಫಿ ಮಾಡಬ್ಯಾಡ್ರಿ" ಎಂದ ಮೇಲೆ ಅವಳು ಕೈ ಬಿಟ್ಟಳು. ನೀನು ಪಕ್ಕದಲ್ಲಿ ನಿಂತಿದ್ದೆ. ನನ್ನ ಕಡೆ ನೋಡಲಿಲ್ಲ.

ಗುರುಸಂಗಪ್ಪನವರು ಕೂಗಾಡಿದ್ದರೆ ಚೆನ್ನಾಗಿತ್ತು. ಒಂದೇ ಕೇಳಿದರು, ಆವತ್ತು ಯಾಕೆ ಸುಮ್ಮನಿದ್ದೆ ಎಂದು. ಅಂಜಿದ್ದೆ ಎಂದೆ. "ಅವೂ ಅಂಜಿದ್ವು. ಆದ್ರ ಅವು ಬ್ಯಾರೇರ ಮ್ಯಾಲ ಹಾಕಲಿಲ್ಲ" ಅಂದರು. ಆ ಮೇಲೆ ಸಮಿತಿಯ ಮಾತಿಗೆ ಹೋದರು: ಕೊಕ್ಕರೆ ಇರುವಷ್ಟು ದಿನ ಕೆರೆಗೆ ಇನ್ನು ಯಾರ ತೆಪ್ಪವೂ ಇಳಿಯಬಾರದು, ಯಾವ ಕಾಗದ ತಂದರೂ.

ಅವತ್ತು ಮನೆಯಲ್ಲಿ ಅವ್ವನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದೆ. ನೀನು ಗ್ರಂಥಾಲಯದ ಕೆಲಸ ಇದೆ ಎಂದು ಹೋದೆ. ಭಾನುವಾರ ಗ್ರಂಥಾಲಯಕ್ಕೆ ಏನು ಕೆಲಸ ಎಂದು ಅತ್ತಿಗೆ ನನ್ನ ಮುಖ ನೋಡಿದರು.

ಇಲ್ಲಿ ನನ್ನ ಮಾರ್ಗದರ್ಶಕರಿಗೆ ಎಲ್ಲ ಹೇಳಿದ್ದೇನೆ. ಅರಣ್ಯ ಇಲಾಖೆಗೂ ಬರೆದುಕೊಟ್ಟಿದ್ದೇನೆ. ಮುಂದಿನ ಸಲದ ಅನುಮತಿ ಹೋಯಿತು. ಪ್ರಬಂಧದಲ್ಲಿ ಆ ಅಧ್ಯಾಯವನ್ನು ಮೊದಲಿನಿಂದ ಬರೆಯುತ್ತಿದ್ದೇನೆ. ಮೊದಲು ಮಾಡಿದ್ದ ಗ್ರಾಫಿನಲ್ಲಿ ನಾಟಕದ ದಿನಕ್ಕೆ ಒಂದು ಗೆರೆ ಎಳೆದಿದ್ದೆ, ಹಕ್ಕಿ ಬೆಚ್ಚಿದ್ದಕ್ಕೆ ಕಾರಣ ಇದು ಎಂಬಂತೆ. ಅದನ್ನು ಅಲ್ಲೇ ಬಿಟ್ಟು, ನಾನು ತೆಪ್ಪ ಹತ್ತಿದ ದಿನಕ್ಕೆಲ್ಲ ಗೆರೆ ಎಳೆದೆ. ನಿನ್ನ ಗೆರೆ ಯಾವುದು ಎಂದು ಹುಡುಕಬೇಕಾಗುತ್ತದೆ, ಅಷ್ಟು ಕಪ್ಪಾಗಿದೆ ಹಾಳೆ.

ಒಂದು ಕೇಳಲೇ? ಡಿಸೆಂಬರಿನಲ್ಲಿ ಕೊಕ್ಕರೆ ಬಂದರೆ, ಬರುವುದಾದರೆ, ನಾನೊಮ್ಮೆ ಬಂದು ಏರಿಯ ಮೇಲೆ ನಿಂತು ನೋಡಲೇ? ಕೆಳಗೆ ಇಳಿಯುವುದಿಲ್ಲ.

ಕ್ರಾಂತಿ


ಜಾಲಿಕೆರೆ
19 ಡಿಸೆಂಬರ್ 2024

ತಂಗಿ ಕ್ರಾಂತಿ,

ಆಗಸ್ಟಿನ ಪತ್ರಕ್ಕೆ ಡಿಸೆಂಬರಿನಲ್ಲಿ ಉತ್ತರ. ಇದರಲ್ಲಿ ಅಂಚೆಯವನ ತಪ್ಪಿಲ್ಲ.

ಸಿಟ್ಟು ಹೋಯಿತೇನೋ ಎಂದು ಅವ್ವ ಆಗಾಗ ಕೇಳುತ್ತಾಳೆ. ಹೋಗಿರುತ್ತದೆ. ಮರಳಿಯೂ ಬಂದಿರುತ್ತದೆ. ಉಜ್ಜಿನಿಯವರು ಕರೆದಿದ್ದರು, ಹೋಗಿ ನುಡಿಸಿ ಬಂದೆ. ಜನ ಚೆನ್ನಾಗಿತ್ತು ಅಂದರು. ನಡುವೆ ಒಂದು ಹಾಡಿನಲ್ಲಿ, ನಿನ್ನ ಪಕ್ಕದಲ್ಲಿ ನಿಂತು ನಿನ್ನ ಕಡೆ ತಿರುಗದಿದ್ದದ್ದು ನೆನಪಾಗಿ ಬೆರಳು ತಪ್ಪಿತು. ಯಾರಿಗೂ ಗೊತ್ತಾಗಲಿಲ್ಲ.

ಕೊಕ್ಕರೆ ಬಂದಿವೆ. ಕೋಡಿಯ ಮರಗಳು ತುಂಬಿ, ಜಾಗಕ್ಕೆ ಜಗಳ ನಡೆದಿದೆ. ನಡುವಿನ ಮರಗಳಿಗೆ ಮಾತ್ರ ಯಾವುದೂ ಇಳಿದಿರಲಿಲ್ಲ. ಈ ವಾರ ಒಂದು ಜೋಡಿ ಬರತೊಡಗಿದೆ. ಒಂದು ಹಕ್ಕಿ ಕಡ್ಡಿ ಕಚ್ಚಿಕೊಂಡು ಬಂದು ಟೊಂಗೆಯ ಮೇಲೆ ನಿಲ್ಲುತ್ತದೆ, ಇನ್ನೊಂದು ಸುತ್ತ ನೋಡುತ್ತದೆ. ಇಡುವುದಿಲ್ಲ. ಎಮ್ಮೆ ನೀರಿಗಿಳಿದರೆ, ಯಾರಾದರೂ ಬಟ್ಟೆ ಒಗೆದರೆ, ಕಡ್ಡಿ ಸಮೇತ ಹಾರಿಹೋಗುತ್ತವೆ. ನಿನ್ನೆ ಸಂಜೆ ಒಂದು ಕಡ್ಡಿ ಇಟ್ಟಿತು.

ಏರಿಯ ಮೇಲೆ ನಿಂತು ನೋಡಲೇ ಎಂದು ಕೇಳಿದ್ದೆ. ಸಮಿತಿಯವರನ್ನು ಕೇಳಿದೆ. ಏರಿ ಎಲ್ಲರದೂ, ಬರಲಿ ಬಿಡು ಎಂದರು. ಬೇಡ ಎನ್ನುತ್ತಿರುವವನು ನಾನು. ಇದರಲ್ಲಿ ಹಕ್ಕಿಯ ಕಾಳಜಿ ಎಷ್ಟು, ನನ್ನ ಸಿಟ್ಟು ಎಷ್ಟು ಎಂದು ನನ್ನನ್ನು ಯಾವ ಪರೀಕ್ಷೆಗೆ ಕಳಿಸಿದರೂ ಗೊತ್ತಾಗಲಿಕ್ಕಿಲ್ಲ. ನಾನೂ ಏರಿಗೆ ಹೋಗುವುದನ್ನು ಬಿಟ್ಟಿದ್ದೇನೆ. ಗ್ರಂಥಾಲಯದ ಮಾಳಿಗೆ ಹತ್ತಿ, ನೀರಿನ ಟ್ಯಾಂಕಿನ ಮರೆಯಲ್ಲಿ ನಿಂತು ನೋಡುತ್ತೇನೆ. ಮರಿ ಹಾರಿದ ಮೇಲೆ ಬಾ. ಕೆರೆಗಲ್ಲ, ಮನೆಗೆ.

ಆ ಕಡ್ಡಿ ಇವತ್ತು ಬೆಳಿಗ್ಗೆಯೂ ಅಲ್ಲೇ ಇತ್ತು.

ಅಣ್ಣ
ಹುಲುಗೇಶ